ಕೆಂಪು ಕಣ್ಣಿನ ಹಲ್ಲಿ

ಬೋಗಾದಿ
4 ಆಗಸ್ಟ್ 2025

ಅತ್ತೆಯವರಿಗೆ ಸುಷ್ಮಾಳ ಶರಣು.

ಶುಕ್ರವಾರ ಸಿಂಚನಳ ಊಟದ ಡಬ್ಬಿ ತೊಳೆಯುವಾಗ ಅದರೊಳಗೆ ಗಾರೆಯ ಚೂರು ಸಿಕ್ಕಿತು. ಕೇಳಿದರೆ, "ಗೋಡೆ ಉದುರಿಸ್ತು ಕಣಮ್ಮ, ದಿನಾ ಉದುರಿಸ್ತದೆ" ಎಂದಳು, ಪಕ್ಕದ ಮನೆಯ ಬೆಕ್ಕಿನ ಮೇಲೆ ಚಾಡಿ ಹೇಳುವ ಹಾಗೆ. ಶಿಶುವಿಹಾರದ ಮುಂದಿನ ಕೋಣೆಗೆ ಅಂಟಿದ ಸೈಟಿನಲ್ಲಿ ನೆಲಮಾಳಿಗೆಗೆಂದು ಅಗೆಯುತ್ತಿದ್ದಾರೆ ಎಂದು, ಅವಳನ್ನು ಕರೆದೊಯ್ದು ತರುವ ಆಟೋ ಚೆಲುವರಾಜು ಹೇಳಿದರು. ಆಗಲೇ ಎರಡಾಳು ಆಳ ಹೋಗಿದೆಯಂತೆ.

ಯುಗಾದಿಯ ಮಾರನೆಯ ದಿನ ನಾನು ಮಗುವನ್ನು ಎತ್ತಿಕೊಂಡು ಶಿಶುವಿಹಾರದ ಹಿಂದಿನ ನಮ್ಮ ಮನೆ ಬಿಟ್ಟಾಗ, ಕರೆಯುವ ತನಕ ಈ ಹೊಸ್ತಿಲು ತುಳಿಯಬೇಡ ಎಂದಿದ್ದಿರಿ. ತುಳಿದಿಲ್ಲ. ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಆಯಾ ಚಾಮುಂಡೇಶ್ವರಿಗೆ ಹೇಳಿದರೆ ಅಗ್ರಹಾರಕ್ಕೆಲ್ಲ ಕೇಳಿಸುತ್ತದೆ. ಅದಕ್ಕೇ ಈ ಕಾಗದವನ್ನು ಮಗುವಿನ ಊಟದ ಚೀಲದಲ್ಲಿ ಇಟ್ಟಿದ್ದೇನೆ.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಹುಡುಗರಿಗೆ ಪಾಠ ಹೇಳಲು ಬಳಸುವ ಕಿಟ್ ಇದೆ. ಗೋಡೆಗೆ ಕೂರಿಸಿದರೆ ಅದು ಬಾಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಕಳಿಸಲೇ? ಅಲ್ಲಿಯ ತನಕ ಮಕ್ಕಳನ್ನು ಆ ಗೋಡೆಯಿಂದ ದೂರ ಕೂರಿಸಿ. ನನ್ನದೂ ಒಂದು ಅಲ್ಲಿದೆ.

ಇಂತಿ,
ಸುಷ್ಮಾ


ನೀಲಮ್ಮ ಶಿಶುವಿಹಾರ, ಅಗ್ರಹಾರ
6 ಆಗಸ್ಟ್ 2025

ಸಿಂಚನಳ ತಾಯಿಗೆ,

ಕಾಗದ ಬಂತು. ಮೇಲೆ ಚಟ್ನಿ ಚೆಲ್ಲಿತ್ತು, ಆದರೂ ಓದಿದೆ.

ಕುಣಿಯಲಾರದವಳಿಗೆ ನೆಲ ಡೊಂಕಂತೆ. ಸಂಸಾರ ಮಾಡಲಾರದವಳಿಗೆ ಗೋಡೆ ಡೊಂಕೋ? ಇದು ನನ್ನ ಅತ್ತೆ ನೀಲಮ್ಮನವರ ಕಾಲದ ಗೋಡೆ. ಅಲ್ಲಿ ಕೂತು ಅಕ್ಷರ ಕಲಿತವರು ಇವತ್ತು ಮೊಮ್ಮಕ್ಕಳನ್ನು ತಂದು ಬಿಡುತ್ತಿದ್ದಾರೆ. ಗಾರೆ ಉದುರುವುದು ನಿಜ. ಜೆಸಿಬಿ ಬಂದಾಗ ನನ್ನ ಪಾದಕ್ಕೆ ನೆಲ ನಡುಗುವುದು ತಿಳಿಯುತ್ತದೆ. ನನ್ನ ಕಿವಿ ಹೋಗಿದೆ, ಕಾಲು ಹೋಗಿಲ್ಲ.

ಕಟ್ಟಡ ಮಠದ ಟ್ರಸ್ಟಿನದು ಎಂದು ನಿನಗೆ ಗೊತ್ತು. ಟ್ರಸ್ಟಿನ ರುದ್ರಸ್ವಾಮಿಯವರು ಒಂದು ನೆಪಕ್ಕೆ ಕಾಯುತ್ತಿದ್ದಾರೆ. ಗೋಡೆ ಬಾಗಿದೆ ಎಂದರೆ ಮಾರನೆಯ ದಿನವೇ ಬೀಗ. ಆದ್ದರಿಂದ ನಿನ್ನ ಯಂತ್ರ ಗೋಡೆ ಚೆನ್ನಾಗಿದೆ ಎಂದು ಹೇಳುವುದಾದರೆ ಕಳಿಸು.

ಮಂಜುಳಮ್ಮ


ಬೋಗಾದಿ
11 ಆಗಸ್ಟ್ 2025

ಅತ್ತೆಯವರಿಗೆ ಶರಣು.

ಯಂತ್ರ ಏನು ಹೇಳಬೇಕೆಂದು ಮೊದಲೇ ಹೇಳಿಕೊಡಲು ಅದು ನಿಮ್ಮ ಶಿಶುವಿಹಾರದ ಮಗುವಲ್ಲ. ಆದರೂ ಕಳಿಸುತ್ತಿದ್ದೇನೆ. ಚೆಲುವರಾಜು ಸ್ಕ್ರೂ ಹಾಕಿ ಕೂರಿಸಿಕೊಡುತ್ತಾರೆ.

ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಬ್ಯಾಟರಿ, ಹಸಿರು ಬೋರ್ಡು, ಅದರ ಮೇಲೆ ಉಗುರಿನಷ್ಟು ಸೆನ್ಸರ್. ಭೂಮಿ ತನ್ನನ್ನು ಯಾವ ಕಡೆಗೆ ಎಷ್ಟು ಎಳೆಯುತ್ತಿದೆ ಎಂದು ಅದು ಆಗಾಗ ಮೂರು ಅಂಕಿ ಬರೆದುಕೊಳ್ಳುತ್ತದೆ. ಒಂದು ಮೇಲೆ-ಕೆಳಗಿನದು, ಒಂದು ಗೋಡೆಯುದ್ದಕ್ಕೆ, ಒಂದು ಗೋಡೆಯಿಂದ ಆಚೆಗೆ. ಇವು ಕಚ್ಚಾ ಅಂಕಿಗಳು. ಲಾರಿ ಹೋದರೆ, ಮಕ್ಕಳು ಕುಣಿದರೆ, ಜೆಸಿಬಿ ಕೆರೆದರೆ ಎಲ್ಲ ಅದರಲ್ಲಿ ಬೆರೆತಿರುತ್ತದೆ. ನನ್ನ ಪ್ರೋಗ್ರಾಮು ಅದನ್ನೆಲ್ಲ ಸೋಸಿ, ಆಚೆಯ ಅಂಕಿಯನ್ನು ಮೇಲೆ-ಕೆಳಗಿನ ಅಂಕಿಯಿಂದ ಭಾಗಿಸಿ, ಗೋಡೆಯ ಬಾಗು ಇಷ್ಟು ಎಂದು ಒಂದು ಗೆರೆ ಎಳೆಯುತ್ತದೆ.

ಪೆಟ್ಟಿಗೆಯ ಮೇಲೆ "ಮೇಲೆ" ಎಂದು ಬರೆದು ಬಾಣದ ಗುರುತಿನ ಚೀಟಿ ಅಂಟಿಸಿದ್ದೇನೆ. ಕೆಂಪು ದೀಪವಿರುವ ತುದಿ ಮೇಲಿರಬೇಕು. ಅಲ್ಲಿ ಇಂಟರ್ನೆಟ್ ಇಲ್ಲದ ಕಾರಣ ಅಂಕಿಗಳೆಲ್ಲ ಮೆಮೊರಿ ಕಾರ್ಡಿನಲ್ಲಿ ಕೂಡುತ್ತವೆ. ವಾರಕ್ಕೊಮ್ಮೆ ಚೆಲುವರಾಜು ಕಾರ್ಡು ಬದಲಿಸುತ್ತಾರೆ, ತೆಗೆದದ್ದನ್ನು ಕಾಗದದಲ್ಲಿ ಮಡಿಸಿ ಸಿಂಚನಳ ಚೀಲದಲ್ಲಿ ಇಡಿ. ಕಾಗದದಲ್ಲಿ ಏನಾದರೂ ಬರೆದಿದ್ದರೂ ಬೇಡವೆನ್ನುವುದಿಲ್ಲ.

ಸುಷ್ಮಾ


ಅಗ್ರಹಾರ
29 ಆಗಸ್ಟ್ 2025

ಸಿಂಚನಳ ತಾಯಿಗೆ,

ಕಾರ್ಡು ಇದರೊಳಗಿದೆ. ಗೌರಿ-ಗಣೇಶ ಮುಗಿಯಿತು. ಮಗು ನಿನ್ನ ಪೆಟ್ಟಿಗೆಗೆ ಹಲ್ಲಿ ಎಂದು ಹೆಸರಿಟ್ಟಿದ್ದಾಳೆ, ಗೋಡೆ ಕಚ್ಚಿಕೊಂಡಿದೆಯಲ್ಲ ಅದಕ್ಕೆ. ಆ ಕೆಂಪು ದೀಪ ಅದರ ಕಣ್ಣಂತೆ. ಈಗ ಎಲ್ಲ ಮಕ್ಕಳೂ ಬೆಳಿಗ್ಗೆ ಬಂದ ಕೂಡಲೇ ಹಲ್ಲಿಗೆ ಗುಡ್ ಮಾರ್ನಿಂಗ್ ಹೇಳಿಯೇ ಕೂರುವುದು. ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆಡಿದ್ದು ಸತ್ಯ ಎನ್ನುತ್ತಾರೆ. ನಿನ್ನ ಹಲ್ಲಿಗೆ ಬಾಯಿಯಿಲ್ಲ, ಇದ್ದರೂ ನನಗೆ ಕೇಳಿಸದು.

ಮಗ ನಾಗಾರ್ಜುನ ಹುಬ್ಬಳ್ಳಿಯಿಂದ ಬಂದಿದ್ದ, ಎರಡು ದಿನವಿದ್ದ. ನೀನು ಹೊಂದಿಕೊಳ್ಳಲಿಲ್ಲ ಎನ್ನುವುದೊಂದೇ ಅವನ ಮಾತು. ಐದು ವರ್ಷ ಒಂದೇ ಸೂರಿನಡಿ ಇದ್ದೆವು, ನನ್ನ ಕಣ್ಣಿಗೆ ಒಂದು ಜಗಳವೂ ಬೀಳಲಿಲ್ಲ.

ಮಂಜುಳಮ್ಮ


ಬೋಗಾದಿ
6 ಸೆಪ್ಟೆಂಬರ್ 2025

ಅತ್ತೆಯವರಿಗೆ ಶರಣು.

ಸುತ್ತಿ ಬಳಸಿ ಬರೆಯುವುದಿಲ್ಲ. ಗೋಡೆ ಆಚೆಗೆ, ಗುಂಡಿಯ ಕಡೆಗೆ, ಬಾಗುತ್ತಿದೆ. ಕಣ್ಣಿಗೆ ಕಾಣುವಷ್ಟಲ್ಲ. ಆದರೆ ಎಲ್ಲ ಕಾರ್ಡುಗಳಲ್ಲೂ ಒಂದೇ ದಿಕ್ಕು. ಜೆಸಿಬಿ ಕೆಲಸ ಮಾಡಿದ ದಿನ ಹೆಚ್ಚು, ಭಾನುವಾರ ಕಡಿಮೆ.

ಗೋಡೆ ಆಚೆಗೆ ತಾನೇ, ಮಕ್ಕಳ ಮೇಲಲ್ಲವಲ್ಲ ಎಂದು ನೀವು ಕೇಳಬಹುದು. ಸೂರಿನ ಜಂತೆಗಳೆಲ್ಲ ಆ ಗೋಡೆಯ ಮೇಲೇ ತಲೆಯಿಟ್ಟು ಮಲಗಿವೆ. ಗೋಡೆ ಆಚೆ ಸರಿದರೆ ಜಂತೆ, ಹೆಂಚು ಎಲ್ಲ ಕೋಣೆಯೊಳಗೇ ಬೀಳುವುದು.

ಮಕ್ಕಳನ್ನು ಹಿಂದಿನ ನಡುಮನೆಗೆ ಸಾಗಿಸಿ. ರುದ್ರಸ್ವಾಮಿಯವರಿಗೆ ಹೇಳಿ.

ಸುಷ್ಮಾ


ಅಗ್ರಹಾರ
8 ಸೆಪ್ಟೆಂಬರ್ 2025

ಸಿಂಚನಳ ತಾಯಿಗೆ,

ರುದ್ರಸ್ವಾಮಿಯವರಿಗೆ ಹೇಳಿ ಎಂದು ನೀನು ಬರೆದುಬಿಟ್ಟೆ. ಹೇಳಿದ ಸಂಜೆ ಬೀಗ ಬೀಳುತ್ತದೆ, ಆರು ತಿಂಗಳಲ್ಲಿ ಇಲ್ಲಿ ಮೊಬೈಲ್ ಅಂಗಡಿ ಏಳುತ್ತದೆ. ಆಮೇಲೆ ಈ ಮಕ್ಕಳು ಎಲ್ಲಿ ಹೋಗಬೇಕು? ಅವರ ಅಮ್ಮಂದಿರು ಮಾರುಕಟ್ಟೆಯಲ್ಲಿ ಹೂ ಕಟ್ಟುವವರು, ಅಂಗಡಿಗಳಲ್ಲಿ ನಿಂತು ಬಟ್ಟೆ ತೋರಿಸುವವರು.

ಎಲ್ಲವನ್ನೂ ಮುರಿದು ಹೋಗುವುದು ನಿನಗೆ ಸುಲಭ. ನನಗಲ್ಲ.

ಮಂಜುಳಮ್ಮ


ಬೋಗಾದಿ
12 ಸೆಪ್ಟೆಂಬರ್ 2025

ಅತ್ತೆಯವರಿಗೆ,

ಸುಲಭವಾಗಿತ್ತು ಎಂದು ನಿಮಗೆ ಯಾರು ಹೇಳಿದರು?

ಅದು ಹಾಗಿರಲಿ. ಸೋಮವಾರದಿಂದ ಮಕ್ಕಳು ನಡುಮನೆಯಲ್ಲಿ ಕೂರದಿದ್ದರೆ ಸಿಂಚನ ಬರುವುದಿಲ್ಲ. ಏಕೆಂದು ಉಳಿದ ತಾಯಂದಿರು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ.

ಸುಷ್ಮಾ


ಅಗ್ರಹಾರ
16 ಸೆಪ್ಟೆಂಬರ್ 2025

ಸುಷ್ಮಾಗೆ,

ನಡುಮನೆಗೆ ಸಾಗಿಸಿದ್ದೇನೆ. ಇರುಕಲು, ಕತ್ತಲೆ. ಪುಟ್ಟ ಕುರ್ಚಿಗಳು ಹಿಡಿಸದೆ ಮುಂದಿನ ಕೋಣೆಯಲ್ಲೇ ಉಳಿದಿವೆ, ಮಕ್ಕಳು ಚಾಪೆಯ ಮೇಲೆ ಕೂರುತ್ತಾರೆ. ಚಾಮುಂಡೇಶ್ವರಿ ನಿನ್ನನ್ನು ಬಯ್ಯುವುದು ತುಟಿ ನೋಡಿದರೇ ತಿಳಿಯುತ್ತದೆ. ಮಗುವನ್ನು ತಪ್ಪಿಸಬೇಡ. ಅವಳು ಬಾರದ ನಿನ್ನೆ ಒಂದು ದಿನ ನನಗೆ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ.

ಮಂಜುಳಮ್ಮ


ಅಗ್ರಹಾರ
4 ಅಕ್ಟೋಬರ್ 2025

ಸುಷ್ಮಾಗೆ,

ದಸರಾ ಚೆನ್ನಾಗಿ ಕಳೆಯಿತು. ರಜೆಯಲ್ಲಿ ಮಕ್ಕಳಿಲ್ಲದ ಮನೆ ಬಿಕೋ ಎನ್ನುತ್ತದೆ.

ಆಯುಧಪೂಜೆಯ ದಿನ ಮನೆಯಲ್ಲಿ ಏನೇನು ದುಡಿಯುತ್ತದೋ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟೆ. ಈಳಿಗೆಮಣೆ, ಹೊಲಿಗೆಯಂತ್ರ, ಚೆಲುವರಾಜುವಿನ ಆಟೋ ಸ್ಪಾನರು. ಆಗ ಗೋಡೆಯ ಮೇಲಿನ ಹಲ್ಲಿ ಕಣ್ಣಿಗೆ ಬಿತ್ತು. ನಮ್ಮೆಲ್ಲರಿಗಿಂತ ಹೆಚ್ಚು ದುಡಿಯುವುದು ಅದೇ, ಅದೊಂದನ್ನು ಬಿಡುವುದು ಹೇಗೆ? ನಾನೇ ಸ್ಕ್ರೂ ಬಿಚ್ಚಿ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಹಚ್ಚಿ, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿದೆ. ಹಳೆಯ ಚೀಟಿಯೊಂದು ನೆನೆದು ಕಿತ್ತುಬಂತು, ಗಲೀಜಾಗಿತ್ತು, ಬಿಸಾಡಿದೆ. ಸಂಜೆ ಅದೇ ತೂತಿಗೆ ಅದೇ ಸ್ಕ್ರೂ ಹಾಕಿ ಭದ್ರ ಮಾಡಿದ್ದೇನೆ. ನಿನ್ನ ಯಂತ್ರಕ್ಕೆ ಏನೂ ಆಗಿಲ್ಲ, ಕಣ್ಣು ಮಿಟುಕಿಸುತ್ತಿದೆ.

ನೀನು ಇದ್ದಾಗ ಪ್ರತಿ ವರ್ಷ ನಿನ್ನ ಲ್ಯಾಪ್‌ಟಾಪಿಗೆ ನಾನು ಕುಂಕುಮವಿಟ್ಟರೆ ಕೀಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಮುಖ ಸಿಂಡರಿಸುತ್ತಿದ್ದೆ. ಈ ಸಲ ಸಿಂಡರಿಸುವವರಿರಲಿಲ್ಲ.

ಮಂಜುಳಮ್ಮ


ಬೋಗಾದಿ
13 ಅಕ್ಟೋಬರ್ 2025

ಅತ್ತೆಯವರಿಗೆ ಶರಣು.

ಕಾರ್ಡು ಹಾಕಿ ನೋಡಿದರೆ ಆಯುಧಪೂಜೆಯ ದಿನ ಗೆರೆ ಕಪ್ಪೆಯ ಹಾಗೆ ಹಾರಿತ್ತು. ನಿಮ್ಮ ಕಾಗದ ಬಾರದಿದ್ದರೆ ಗೋಡೆಯೇ ಬಿತ್ತೆಂದು ಓಡಿಬರುತ್ತಿದ್ದೆ. ತೆಗೆದು ಮತ್ತೆ ಕೂರಿಸಿದಾಗ ಹಾಗಾಗುವುದು ಸಹಜ. ಈಗ ಕೂತಿರುವ ಜಾಗವನ್ನೇ ಸೊನ್ನೆ ಎಂದಿಟ್ಟುಕೊಂಡು ಲೆಕ್ಕ ಹೊಸದಾಗಿ ಶುರು ಮಾಡಿದ್ದೇನೆ.

ಒಂದು ಒಳ್ಳೆಯ ಸುದ್ದಿ ಇರಬಹುದು. ಈ ವಾರ ಗೆರೆ ಒಳಕ್ಕೆ ತಿರುಗಿದೆ. ಅಂದರೆ ಗೋಡೆ ಮೊದಲಿನ ಜಾಗಕ್ಕೆ ಮರಳುತ್ತಿರುವ ಹಾಗೆ ಕಾಣುತ್ತದೆ. ಇನ್ನೆರಡು ಕಾರ್ಡು ನೋಡದೆ ಏನೂ ಹೇಳಲಾರೆ.

ಲ್ಯಾಪ್‌ಟಾಪಿಗೆ ಈ ವರ್ಷ ನಾನೇ ಕುಂಕುಮವಿಟ್ಟೆ. ಕೀಲಿಗೆ ಸಿಕ್ಕಿಕೊಂಡಿದೆ.

ಸುಷ್ಮಾ


ಅಗ್ರಹಾರ
25 ಅಕ್ಟೋಬರ್ 2025

ಸುಷ್ಮಾಗೆ ಆಶೀರ್ವಾದಗಳು.

ದೀಪಾವಳಿಗೆ ನೀನು ಕಳಿಸಿದ ಕಜ್ಜಾಯ ಗಟ್ಟಿಯಾಗಿತ್ತು. ತಿಂದೆ.

ಪಕ್ಕದವರು ಗುಂಡಿಯೊಳಗೆ ಕಲ್ಲು ಕಟ್ಟುತ್ತಿದ್ದಾರೆ, ಅದು ಆಸರೆಯಾಗಿ ಗೋಡೆ ನಿಂತಿರಬೇಕು. ಗೋಡೆ ಮರಳುತ್ತಿದೆ ಎಂದು ನೀನು ಬರೆದದ್ದನ್ನು ಎರಡು ಸಲ ಓದಿದೆ. ಮುಂದಿನ ಕೋಣೆಯ ಬಾಗಿಲು ಮಾತ್ರ ಈಚೆಗೆ ಹಿಡಿಯುತ್ತದೆ, ಭುಜ ಕೊಟ್ಟು ನೂಕಬೇಕು. ಮಳೆಗೆ ಮರ ಉಬ್ಬಿರಬೇಕು, ಅಲ್ಲವೇ?

ನಿನ್ನ ಮಗಳ ಮಾತು ಕೇಳು. "ಅಜ್ಜಿ, ಹಲ್ಲಿ ತಲೆ ಕೆಳಗೆ ಮಾಡ್ಕಂಡಿದೆ, ಅದಕ್ಕೆ ನಿದ್ದೆ ಬಂದಿದೆ" ಎಂದು ನನ್ನ ಗಲ್ಲ ಹಿಡಿದು ತಿರುಗಿಸಿ ತೋರಿಸಿದಳು. ತುಟಿ ನೋಡಿ ತಿಳಿದುಕೊಂಡೆ. ನಿಜಕ್ಕೂ ಕೆಂಪು ಕಣ್ಣು ಕೆಳಗೇ ಇದೆ, ಮಕ್ಕಳ ಎತ್ತರಕ್ಕೆ ಚೆನ್ನಾಗಿ ಕಾಣುತ್ತದೆ.

ನವೆಂಬರ್ ಹದಿನಾಲ್ಕು ಮಕ್ಕಳ ದಿನ. ತಂದೆತಾಯಿಗಳೆಲ್ಲ ಬರುತ್ತಾರೆ, ನಡುಮನೆಯಲ್ಲಿ ಹಿಡಿಸುವುದಿಲ್ಲ. ಮುಂದಿನ ಕೋಣೆಯಲ್ಲಿ ಮಾಡಬಹುದೇ? ನೀನು ಹೂಂ ಎಂದರೆ ಮಾತ್ರ. ರುದ್ರಸ್ವಾಮಿಯವರನ್ನೂ ಕರೆಯಬೇಕೆಂದಿದ್ದೇನೆ. ಸಿಂಚನ ಚಿಟ್ಟೆಯಾಗುತ್ತಾಳೆ.

ನಿನ್ನನ್ನು ಕರೆಯುವುದೋ ಬೇಡವೋ ಎಂದು ಯೋಚಿಸುತ್ತಿದ್ದೇನೆ. ಆ ದಿನ ನಾಗಾರ್ಜುನನೂ ಬರಬಹುದು.

ಮಂಜುಳಮ್ಮ


ಬೋಗಾದಿ
5 ನವೆಂಬರ್ 2025

ಅತ್ತೆಯವರಿಗೆ ಶರಣು.

ಗೆರೆ ಇನ್ನೂ ಒಳಕ್ಕೇ ಬರುತ್ತಿದೆ. ನೀವು ಹೇಳಿದ ಹಾಗೆ ಕಲ್ಲುಕಟ್ಟಡ ಆಸರೆಯಾಗಿರಬೇಕು. ಬಾಗಿಲು ಮಳೆಗೆ ಉಬ್ಬಿರುತ್ತದೆ, ಬೋಗಾದಿಯ ಈ ಹೊಸ ಮನೆಯದೂ ಹಿಡಿಯುತ್ತದೆ. ಮುಂದಿನ ಕೋಣೆಯಲ್ಲಿ ಕಾರ್ಯಕ್ರಮ ಮಾಡಿ. ರುದ್ರಸ್ವಾಮಿಯವರು ಕೇಳಿದರೆ ನನ್ನ ಹೆಸರು ಹೇಳಿ, ನಾನು ಜವಾಬು ಕೊಡುತ್ತೇನೆ.

ನನ್ನನ್ನು ಕರೆಯುವ ವಿಷಯ ಯೋಚಿಸಬೇಡಿ. ಸಿಂಚನಳ ಅಪ್ಪ ಬರುವುದಾದರೆ ನಾನು ಬರುವುದಿಲ್ಲ. ಚಿಟ್ಟೆಯ ರೆಕ್ಕೆ ಹೊಲಿದಿದ್ದೇನೆ, ಇಸ್ತ್ರಿ ಮಾಡಬೇಡಿ, ಕರಗುತ್ತದೆ.

ನಿಮಗೆ ಒಳ್ಳೆಯ ಸುದ್ದಿ ಬರೆಯುವುದು ನನಗೆ ಇಷ್ಟೊಂದು ಬೇಕಾಗಿತ್ತೆಂದು ಗೊತ್ತಿರಲಿಲ್ಲ.

ಸುಷ್ಮಾ


(ಲ್ಯಾಬಿನ ರೆಕಾರ್ಡ್ ಹಾಳೆಯಲ್ಲಿ, ದಪ್ಪ ಅಕ್ಷರಗಳಲ್ಲಿ)
14 ನವೆಂಬರ್ 2025

ಅತ್ತೆ,
ಹಲ್ಲಿ ತಲೆಕೆಳಗಾಗಿದೆ. ನನ್ನ ಲೆಕ್ಕ ತಿರುಗುಮುರುಗಾಗಿದೆ. ಗೋಡೆ ಮರಳುತ್ತಿಲ್ಲ, ಬೀಳುತ್ತಿದೆ.
ಎಲ್ಲರನ್ನೂ ಹಿಂಬಾಗಿಲಿನಿಂದ ಕಳಿಸಿ. ಈಗಲೇ. ಮುಂಬಾಗಿಲು ಮುಟ್ಟಬೇಡಿ.
ಸುಷ್ಮಾ


ಅಗ್ರಹಾರ
15 ನವೆಂಬರ್ 2025

ಸುಷ್ಮಾಗೆ,

ನಿನ್ನೆ ಮಾತಾಡಲು ಆಗಲಿಲ್ಲ, ನೀನು ಮಗುವನ್ನು ಎದೆಗವಚಿಕೊಂಡು ಗಲ್ಲಿಯಲ್ಲಿ ಕೂತುಬಿಟ್ಟಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಕ್ಕಳು ಹಾಡುತ್ತಿದ್ದರು. ನನಗೆ ಹಾಡೆಂದರೆ ಸಾಲಾಗಿ ತೆರೆದು ಮುಚ್ಚುವ ಬಾಯಿಗಳು. ಅಷ್ಟರಲ್ಲಿ ನೀನು ತೆರೆದ ಬಾಗಿಲಲ್ಲಿ ಕಾಣಿಸಿದೆ, ಕೈಯಲ್ಲಿ ಹಾಳೆ ಎತ್ತಿ ಹಿಡಿದಿದ್ದೆ. ಕನ್ನಡಕ ಹಾಕಿರಲಿಲ್ಲ, ಅಕ್ಷರ ತಿಳಿಯಲಿಲ್ಲ. ನಾನು ನೋಡಿದ್ದು ನಿನ್ನ ಕಾಲು. ರಂಗೋಲಿ ತುಳಿದುಕೊಂಡು, ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದೆ. ಈ ಮನೆಯಲ್ಲಿದ್ದ ಅಷ್ಟು ವರ್ಷದಲ್ಲಿ ಜ್ವರ ಬಂದಾಗಲೂ ನೀನು ಚಪ್ಪಲಿ ಬಿಡದೆ ಹೊಸ್ತಿಲು ದಾಟಿದವಳಲ್ಲ. ಅಕ್ಷರ ಓದುವ ಅಗತ್ಯ ಬೀಳಲಿಲ್ಲ.

ಚುಕುಬುಕು ರೈಲು ಎಂದು ಕೈ ತೋರಿಸಿದೆ. ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ಸಾಲಾದರು, ಚಾಮುಂಡೇಶ್ವರಿ ಎಂಜಿನ್ ಆದಳು, ನಡುಮನೆ ದಾಟಿ ಹಿಂದಿನ ಗಲ್ಲಿಗೆ ಹೋದರು. ತಂದೆತಾಯಿಗಳು ಅದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟುತ್ತಾ ಹಿಂದೆ ಬಂದರು. ನಾಗಾರ್ಜುನ ಬಂದಿರಲಿಲ್ಲ.

ಈಗ ಕೇಳು. ಗೋಡೆ ಬೀಳಲಿಲ್ಲ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ರುದ್ರಸ್ವಾಮಿಯವರು ಬೀಗ ಹಾಕಿಸಿದರು. ಬೀದಿಯಲ್ಲಿ ನಿಂತು, ನಿಮ್ಮ ಸೊಸೆ ಒಂದು ವಾರ ಹೀಗೆ ಅಂತಾರೆ, ಒಂದು ವಾರ ಹಾಗೆ ಅಂತಾರೆ ಎಂದರು. ಲಡ್ಡು ಸಿಗದ ಮಕ್ಕಳು ಅತ್ತವು, ಅಮ್ಮಂದಿರು ಗೊಣಗಿದರು. ಈ ಸಲವಾದರೂ ನಿನಗೆ ಖಚಿತವೇ? ನಾನಿನ್ನೂ ಹಿಂದಿನ ಕೋಣೆಯಲ್ಲೇ ಇದ್ದೇನೆ. ಮುಂದಿನ ಕೋಣೆಯಲ್ಲಿ ನೀಲಮ್ಮನವರ ಫೋಟೋ ಉಳಿದಿದೆ, ಅದನ್ನು ತಂದುಬಿಡೋಣ ಎನಿಸುತ್ತದೆ.

ಮಂಜುಳಮ್ಮ


ಬೋಗಾದಿ
16 ನವೆಂಬರ್ 2025

ಅತ್ತೆ,

ಫೋಟೋ ತರಬೇಡಿ. ಆ ಕೋಣೆಗೆ ಕಾಲಿಡಬೇಡಿ, ಹಿಂದಿನ ಕೋಣೆಯಲ್ಲೂ ಮಲಗಬೇಡಿ. ಈ ಕಾಗದ ತರುವ ಚೆಲುವರಾಜು ಅವರ ಆಟೋದಲ್ಲೇ ಹೊರಟುಬಿಡಿ. ನನ್ನಲ್ಲಿಗೆ ಬರಲು ಮನಸ್ಸಿಲ್ಲದಿದ್ದರೆ ಕೃಷ್ಣಮೂರ್ತಿಪುರಂನಲ್ಲಿ ನಿಮ್ಮ ತಮ್ಮ ಮೃತ್ಯುಂಜಯ ಮಾವನವರ ಮನೆಗೆ ಹೋಗಿ. ಹೋಗಿ ಅಷ್ಟೇ.

ಆದದ್ದು ಇಷ್ಟು. ಶುಕ್ರವಾರ ಬೆಳಿಗ್ಗೆ ಚಿಟ್ಟೆಯನ್ನು ಆಟೋಗೆ ಹತ್ತಿಸಿ ಲ್ಯಾಬಿಗೆ ಹೋದೆ. ಹುಡುಗರಿಗೆ ಕಚ್ಚಾ ಅಂಕಿ ಓದುವುದು ಕಲಿಸಲು ನಿಮ್ಮ ಗೋಡೆಯ ಕಾರ್ಡನ್ನೇ ಕೊಟ್ಟೆ. ಅಭಿಲಾಷ್ ಎನ್ನುವ ಹುಡುಗ, "ಮೇಡಂ, ನಮ್ಮ ಕಿಟ್ಟಲ್ಲಿ ಮೇಲೆ-ಕೆಳಗಿನ ಅಂಕಿ ಪ್ಲಸ್ ಬರ್ತಿದೆ, ಇದರಲ್ಲಿ ಯಾಕೆ ಮೈನಸ್?" ಎಂದ. ಮೈನಸ್ ಬರಬೇಕಾದರೆ ಪೆಟ್ಟಿಗೆ ತಲೆಕೆಳಗಾಗಿರಬೇಕು ಎಂದು ಅವನಿಗೆ ಹೇಳುತ್ತಿರುವಾಗಲೇ ಸಿಂಚನಳ ಮಾತು ನೆನಪಾಯಿತು. ಹಲ್ಲಿ ತಲೆ ಕೆಳಗೆ ಮಾಡಿಕೊಂಡಿದೆ. ನೀವು ಬರೆದಿದ್ದಿರಿ. ನಾನು ಓದಿ ನಕ್ಕು ಮಡಿಸಿಟ್ಟಿದ್ದೆ.

ಪೂಜೆಯ ದಿನ ಚೀಟಿ ಹೋಯಿತು, ಪೆಟ್ಟಿಗೆ ತಿರುಗಿ ಕೂತಿತು. ನನ್ನ ಪ್ರೋಗ್ರಾಮು ಆ ಮೈನಸ್‌ನಿಂದ ಭಾಗಿಸಿ, ಆಚೆಗೆ ಹೋಗುತ್ತಿದ್ದ ಗೋಡೆಯನ್ನು ಒಳಕ್ಕೆ ಬರುತ್ತಿದೆ ಎಂದು ತೋರಿಸಿತು. ಕಚ್ಚಾ ಅಂಕಿಗಳಲ್ಲಿ ಎಲ್ಲ ನೇರವಾಗಿಯೇ ಇತ್ತು. ಆಚೆಯ ಅಂಕಿ ಒಂದು ದಿನವೂ ನಿಲ್ಲದೆ ಬೆಳೆದಿತ್ತು. ಬಾಗಿಲು ಹಿಡಿದದ್ದೂ ಮಳೆಗಲ್ಲ, ಗೋಡೆ ಸರಿದು ಚೌಕಟ್ಟು ಸೊಟ್ಟಗಾದದ್ದಕ್ಕೆ. ನಾನು ಸೋಸಿದ ಗೆರೆ ನೋಡಿದೆ, ಗೆರೆ ನನಗೆ ಬೇಕಾದದ್ದನ್ನೇ ಹೇಳುತ್ತಿತ್ತು, ಕಚ್ಚಾ ಅಂಕಿ ತೆರೆಯಲಿಲ್ಲ. ಪೂಜೆ ಮಾಡಿದ ನಿಮ್ಮದೇನೂ ತಪ್ಪಿಲ್ಲ. ಮಕ್ಕಳನ್ನು ಆ ಕೋಣೆಗೆ ವಾಪಸು ಕಳಿಸಿದವಳು ನಾನು.

ಈ ಸಲ ಖಚಿತವೇ ಎಂದು ಕೇಳಿದ್ದೀರಿ. ಯಾವ ದಿನ ಎಂದು ಹೇಳಲಾರೆ. ಬೀಳುತ್ತದೆ ಎನ್ನುವುದು ಖಚಿತ. ನಾನು ಸುಳ್ಳಾಗಿ ಬೀದಿಯೆಲ್ಲ ನಗಲಿ, ನೀವು ಹೊರಗೆ ನಿಂತು ನಗಿ.

ಸುಷ್ಮಾ


ಕೃಷ್ಣಮೂರ್ತಿಪುರಂ
19 ನವೆಂಬರ್ 2025

ಸುಷ್ಮಾ,

ನಿನ್ನೆ ಬೆಳಿಗ್ಗೆ ಬಿತ್ತು. ಪಕ್ಕದ ಕೆಲಸದವರು ಟೀ ಕುಡಿಯಲು ರಸ್ತೆಗೆ ಹೋಗಿದ್ದರಂತೆ, ಯಾರಿಗೂ ಏನೂ ಆಗಲಿಲ್ಲ. ಮೃತ್ಯುಂಜಯನ ಜೊತೆ ಹೋಗಿ ನೋಡಿದೆ. ಗೋಡೆ ಗುಂಡಿಯಲ್ಲಿದೆ. ಜಂತೆಗಳೆಲ್ಲ ನೀನು ಹೇಳಿದ ಹಾಗೆಯೇ ಕೋಣೆಯೊಳಗೆ ಬಂದಿವೆ. ಅಡಿಯಲ್ಲಿ ಪುಟ್ಟ ಕುರ್ಚಿಗಳಿವೆ. ಶುಕ್ರವಾರ ಸಾಲಾಗಿ ಇಟ್ಟ ಹಾಗೆಯೇ ಇವೆ, ಒಂದೂ ಇಡಿಯಾಗಿಲ್ಲ. ನಾನು ಅಲ್ಲೇ ಬೀದಿಯಲ್ಲಿ ಕೂತು ಅತ್ತೆ. ಫೋಟೋಗಾಗಿ ಅಲ್ಲ.

ರುದ್ರಸ್ವಾಮಿಯವರೂ ಬಂದರು. ಕುರ್ಚಿಗಳನ್ನು ನೋಡಿ, ಮಠದ ಹಳೆಯ ಪಾಕಶಾಲೆ ಖಾಲಿಯಿದೆ, ಮಕ್ಕಳನ್ನು ಅಲ್ಲಿ ಕೂರಿಸಬಹುದು ಎಂದರು. ಒಮ್ಮೆ ನಿನ್ನ ಯಂತ್ರ ಹಾಕಿ ನೋಡಿ ಆಮೇಲೆ ಹೇಳುತ್ತೇನೆ ಎಂದೆ. ಚೆಲುವರಾಜು ಇಟ್ಟಿಗೆ ಸರಿಸಿ ಹಲ್ಲಿಯನ್ನು ಹೊರಗೆ ತೆಗೆದರು. ಇನ್ನೂ ಕಣ್ಣು ಮಿಟುಕಿಸುತ್ತಿತ್ತು, ಕುಂಕುಮ ಹಾಗೇ ಇತ್ತು.

ಈಗ ಬೇರೆ ಮಾತು. ರಾತ್ರಿ ನಿನ್ನ ಕಾಗದ ಮತ್ತೆ ಓದಿದೆ. ಸೋಸಿದ ಗೆರೆ ನೋಡಿದೆ, ಅದು ನನಗೆ ಬೇಕಾದದ್ದನ್ನೇ ಹೇಳುತ್ತಿತ್ತು ಎಂದು ಬರೆದಿದ್ದೀಯ. ನನ್ನ ಬಳಿಯೂ ಅಂಥದ್ದೊಂದು ಗೆರೆ ಇದೆ. ಸೊಸೆ ಹೊಂದಿಕೊಳ್ಳಲಿಲ್ಲ, ಬಿಟ್ಟು ಹೋದಳು. ಮಗ ಸೋಸಿ ಕೊಟ್ಟ, ನಾನು ಕುಡಿದೆ. ಶುಕ್ರವಾರ ಅವನು ಬರಬಹುದೆಂದು ತಿಳಿದೂ ನೀನು ಆ ಬಾಗಿಲಿಗೆ ಬಂದೆ. ಬಾಗಿಲಲ್ಲಿ ನಿಂತು ಹಾಳೆ ಎತ್ತುವ ಮೊದಲು ಕೋಣೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿದೆ. ಗೋಡೆ ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ಅವನಿದ್ದಾನೆಯೇ ಎಂದು ನೋಡಿದೆ. ಆ ನೋಟ ನನಗೆ ಗೊತ್ತು, ಮನೆಯಲ್ಲಿ ಹೊಡೆಸಿಕೊಂಡು ಬರುವ ಮಕ್ಕಳು ಹಾಗೆ ನೋಡುತ್ತವೆ.

ಆ ಮನೆಯಲ್ಲಿ ಏನು ನಡೆಯಿತು? ನಾನು ಕೇಳಲೇ ಇಲ್ಲ. ಈಗ ಕೇಳುತ್ತಿದ್ದೇನೆ. ಕಚ್ಚಾದ್ದೇ ಬರೆ. ನನಗೆ ನೋವಾಗುತ್ತದೆಂದು ಸೋಸಬೇಡ.

ನಿನ್ನ ಅತ್ತೆ


ಬೋಗಾದಿ
23 ನವೆಂಬರ್ 2025

ಅತ್ತೆ,

ನಾಲ್ಕು ಹಾಳೆ ಬರೆದು ಹರಿದೆ. ಎಲ್ಲದರಲ್ಲೂ ನಿಮಗಾಗಿ ಏನಾದರೊಂದು ಬಿಟ್ಟಿದ್ದೆ. ಮುಂದಿನ ಭಾನುವಾರ ಮಗುವಿನೊಂದಿಗೆ ಮೃತ್ಯುಂಜಯ ಮಾವನವರ ಮನೆಗೆ ಬರುತ್ತೇನೆ, ಎಲ್ಲವನ್ನೂ ನಿಮ್ಮೆದುರು ಕೂತು ಹೇಳುತ್ತೇನೆ, ನೀವು ತುಟಿ ನೋಡಿ. ಇವತ್ತು ಮೊದಲನೆಯದನ್ನು ಮಾತ್ರ ಬರೆಯುತ್ತೇನೆ.

ಸಿಂಚನ ಆಗಿನ್ನೂ ಹೊಟ್ಟೆಯಲ್ಲಿದ್ದಳು. ಶ್ರಾವಣ ಸೋಮವಾರ, ಬೆಳಿಗ್ಗೆ. ನೀವು ನಡುಮನೆಯಲ್ಲಿ ದೇವರ ಗೂಡಿನ ಮುಂದೆ ಲಿಂಗಪೂಜೆಗೆ ಕೂತಿದ್ದಿರಿ, ಬೆನ್ನು ನಮ್ಮ ಕೋಣೆಯ ಕಡೆಗಿತ್ತು. ಅವರು ಹೊಡೆದಾಗ ನಾನು ಕೂಗಿದೆ. ಅತ್ತೆ ಎಂದೇ ಕೂಗಿದೆ. ನಿಮ್ಮ ಕೈಯ ಬಿಲ್ವಪತ್ರೆ ಕೂಡ ಅಲುಗಲಿಲ್ಲ.

ನಮ್ಮ ಕೋಣೆಯ ಬಾಗಿಲು ತೆರೆದೇ ಇತ್ತು, ಅತ್ತೆ. ಅದನ್ನು ಮುಚ್ಚಬೇಕೆಂದು ಅವರಿಗೆ ಯಾವತ್ತೂ ಅನಿಸಲಿಲ್ಲ.

ನಿಮ್ಮ
ಸುಷ್ಮಾ